ಮೊದಲ ಟೆಲಿಸ್ಕೋಪ್ ಕೊಳ್ಳುವ ಮುನ್ನ

ನನ್ನ ಮೊದಲ ಟೆಲಿಸ್ಕೋಪಿನ ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಸುತ್ತ ಬಣ್ಣಬಣ್ಣದ ನೀಹಾರಿಕೆಗಳು. ತಂದ ರಾತ್ರಿಯೇ ಗುರುಗ್ರಹಕ್ಕೆ ಗುರಿಯಿಟ್ಟೆ. ಕಂಡದ್ದು ನೀರಿಗೆ ಬಿದ್ದ ನಾಣ್ಯದಂತೆ ಅಲುಗಾಡುವ ಮಸುಕು ಬೊಟ್ಟು. ಫೋಕಸ್ ಸರಿಪಡಿಸಲು ಬೆರಳು ತಾಗಿಸಿದರೆ ಸಾಕು, ಟ್ರೈಪಾಡ್ ನಡುಗಿ ಗುರು ಎಲ್ಲಿಗೋ ಹಾರಿಹೋಗುತ್ತಿದ್ದ. ತಿಂಗಳು ತುಂಬುವುದರೊಳಗೆ ಅದು ಅಟ್ಟ ಸೇರಿತು.

ಆದ್ದರಿಂದ ಮೊದಲ ಹೆಜ್ಜೆ: ಇನ್ನೂ ಕೊಳ್ಳಬೇಡಿ. ಕೆಲವು ವಾರ ಬರಿಗಣ್ಣಿನಿಂದಲೇ ಆಕಾಶ ನೋಡಿ. ಗ್ರಹ ಯಾವುದು, ನಕ್ಷತ್ರ ಯಾವುದು ಎಂಬುದು ರೂಢಿಯಾಗಲಿ. ಟೆಲಿಸ್ಕೋಪಿನಲ್ಲಿ ಒಮ್ಮೆಗೆ ಕಾಣುವುದು ಆಕಾಶದ ಅಂಗೈಯಗಲವೂ ಅಲ್ಲ, ಉಗುರಗಲ. ಎಲ್ಲಿ ನೋಡಬೇಕೆಂದು ತಿಳಿಯದವರಿಗೆ ಅದು ಬರೀ ಕತ್ತಲೆಯನ್ನೇ ತೋರಿಸುತ್ತದೆ. ಮನೆಯಲ್ಲಿ ಬೈನಾಕ್ಯುಲರ್ ಇದ್ದರೆ ಹೊರತೆಗೆಯಿರಿ. 10x50 ಎಂದಿದ್ದರೆ ಹತ್ತು ಪಟ್ಟು ವರ್ಧನೆ, 50 ಮಿ.ಮೀ. ವ್ಯಾಸದ ಮಸೂರ ಎಂದರ್ಥ. ಕೃತ್ತಿಕೆಯ ಗೊಂಚಲು ದೊಡ್ಡ ಟೆಲಿಸ್ಕೋಪಿಗಿಂತ ಇದರಲ್ಲೇ ಚೆಂದ.

ಕೊಳ್ಳಲು ಹೊರಟಾಗ ಕೇಳಬೇಕಾದ ಮೊದಲ ಪ್ರಶ್ನೆ ವ್ಯಾಸದ್ದು. ಮುಂದಿನ ಮಸೂರ ಅಥವಾ ಒಳಗಿನ ದರ್ಪಣ ಎಷ್ಟು ಅಗಲವಿದೆ? ಟೆಲಿಸ್ಕೋಪಿನ ನಿಜವಾದ ಕೆಲಸ ಬೆಳಕನ್ನು ಬಾಚುವುದು. ಕತ್ತಲಲ್ಲಿ ಚೆನ್ನಾಗಿ ಹಿಗ್ಗಿದ ಕಣ್ಣಿನ ಪಾಪೆ ಹೆಚ್ಚೆಂದರೆ ಸುಮಾರು 7 ಮಿ.ಮೀ. 70 ಮಿ.ಮೀ.ಯ ಮಸೂರ ಅದರ ಹತ್ತು ಪಟ್ಟು ಅಗಲ, ಅಂದರೆ ನೂರು ಪಟ್ಟು ಬೆಳಕು. ವ್ಯಾಸ ಇಮ್ಮಡಿಯಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಮಸೂರದ್ದಾದರೆ 70ರಿಂದ 80 ಮಿ.ಮೀ., ದರ್ಪಣದ್ದಾದರೆ 114ರಿಂದ 150 ಮಿ.ಮೀ. ಆರಂಭಕ್ಕೆ ಸಾಕು.

ಈಗ ಆ 525ರ ಗುಟ್ಟು. ಮಸೂರ ಅಥವಾ ದರ್ಪಣದಿಂದ ಬೆಳಕು ಒಂದುಗೂಡುವ ಬಿಂದುವಿನವರೆಗಿನ ದೂರವೇ ಸಂಗಮದೂರ. ಟೆಲಿಸ್ಕೋಪಿನ ಸಂಗಮದೂರವನ್ನು ಐಪೀಸಿನ, ಅಂದರೆ ಕಣ್ಣಿಡುವ ತುದಿಯ ಮಸೂರದ, ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. ನನ್ನದು 60 ಮಿ.ಮೀ. ವ್ಯಾಸದ, 700 ಮಿ.ಮೀ. ಸಂಗಮದೂರದ ಕೊಳವೆ. ಜೊತೆಗೆ ಬಂದಿದ್ದ 4 ಮಿ.ಮೀ. ಐಪೀಸ್ ಹಾಕಿದರೆ 175 ಪಟ್ಟು. ಅದಕ್ಕೆ ವರ್ಧನೆಯನ್ನು ಮೂರು ಪಟ್ಟು ಮಾಡುವ ಬಾರ್ಲೊ ಮಸೂರ ಸೇರಿಸಿದರೆ 525. ಲೆಕ್ಕದಲ್ಲಿ ಮೋಸವಿಲ್ಲ. ಆದರೆ ಮಿಲಿಮೀಟರಿನಲ್ಲಿ ಹೇಳಿದ ವ್ಯಾಸದ ಎರಡರಷ್ಟೇ ಉಪಯೋಗಕ್ಕೆ ಬರುವ ವರ್ಧನೆಯ ಮಿತಿ, 60ಕ್ಕೆ 120. ಅದರಾಚೆಗಿನದು ಬಲೂನಿನ ಮೇಲೆ ಬರೆದ ಅಕ್ಷರವಿದ್ದಂತೆ: ಊದಿದಷ್ಟೂ ಹಿಗ್ಗುತ್ತದೆ, ಹಿಗ್ಗಿದಷ್ಟೂ ಮಸುಕಾಗುತ್ತದೆ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಹಾಗಾಗಿ ವರ್ಧನೆಯನ್ನೇ ಸಾರಿ ಮಾರುವ ಪೆಟ್ಟಿಗೆಯನ್ನು ಬಿಚ್ಚಿಯೂ ನೋಡಬೇಡಿ.

ಮಸೂರವೋ ದರ್ಪಣವೋ? ಮಸೂರದ್ದು ಗಟ್ಟಿಮುಟ್ಟು, ನಿಗಾ ಕಡಿಮೆ ಸಾಕು. ಆದರೆ ಅಗ್ಗದ್ದರಲ್ಲಿ ಚಂದ್ರನ ಅಂಚಿಗೆ ನೇರಳೆ ಗೆರೆಯೊಂದು ಅಂಟಿಕೊಂಡಿರುತ್ತದೆ. ನ್ಯೂಟನ್ 1668ರಲ್ಲಿ ಕಟ್ಟಿದ ಮಾದರಿಯ ದರ್ಪಣದ ಟೆಲಿಸ್ಕೋಪಿಗೆ ಆ ಕಾಟವಿಲ್ಲ, ಅದೇ ಹಣಕ್ಕೆ ಹೆಚ್ಚು ವ್ಯಾಸವೂ ದಕ್ಕುತ್ತದೆ. ಆಗಾಗ ದರ್ಪಣಗಳನ್ನು ನೇರಕ್ಕೆ ಹೊಂದಿಸಿಕೊಳ್ಳಬೇಕು, ಅಷ್ಟೆ.

ಅಂಗಡಿಯವರು ಮಾತೆತ್ತದ ಭಾಗವೊಂದಿದೆ: ಕೊಳವೆಯನ್ನು ಹೊರುವ ಸ್ಟ್ಯಾಂಡ್. ನನ್ನ ಮಟ್ಟಿಗೆ ಅರ್ಧ ಟೆಲಿಸ್ಕೋಪ್ ಎಂದರೆ ಅದೇ. ಪರೀಕ್ಷೆ ಸುಲಭ. ದೂರದ ಕಂಬವೊಂದರ ತುದಿಗೆ ಫೋಕಸ್ ಮಾಡಿ, ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಕಣ್ಣು ಐಪೀಸಿನಲ್ಲಿರುವಂತೆಯೇ ಎಣಿಸಿ. ಎರಡು ಎಣಿಸುವುದರೊಳಗೆ ಕಂಬ ನಿಂತರೆ ಒಳ್ಳೆಯದು. ಐದಾದರೂ ತೂಗುತ್ತಲೇ ಇದ್ದರೆ ಹಿಂದಿರುಗಿಸಿ ಬನ್ನಿ. ಮಸೂರ ವಜ್ರದ್ದೇ ಆಗಿದ್ದರೂ ಅಷ್ಟೆ. ಅಮೆರಿಕದ ಹವ್ಯಾಸಿ ಆಕಾಶವೀಕ್ಷಕ ಜಾನ್ ಡಾಬ್ಸನ್ ಜನಪ್ರಿಯಗೊಳಿಸಿದ, ನೆಲದ ಮೇಲೆ ಕೂರುವ ಮರದ ಪೆಟ್ಟಿಗೆಯಂಥ ಸ್ಟ್ಯಾಂಡ್ ನನಗೆ ಅಚ್ಚುಮೆಚ್ಚು. ಕಾಲಿಲ್ಲ, ನಡುಕವಿಲ್ಲ, ಕೈಯಿಂದ ತಳ್ಳಿದತ್ತ ಹೊರಳುತ್ತದೆ. ಆದರೆ ಭಾರ ನೋಡಿಕೊಳ್ಳಿ. 200 ಮಿ.ಮೀ.ಯ ಡಾಬ್ಸೋನಿಯನ್ ಸುಮಾರು 20 ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಹೊತ್ತು ತರಲು ಬೇಸರವಾದರೆ ಅದಕ್ಕೂ ಅಟ್ಟವೇ ಗತಿ. ತಾನೇ ಗ್ರಹಗಳನ್ನು ಹುಡುಕಿಕೊಡುವ ಮೋಟಾರಿನ ಮಾದರಿಗಳ ಗೊಡವೆ ಸದ್ಯಕ್ಕೆ ಬೇಡ. ಕಡಿಮೆ ಬೆಲೆಯವುಗಳಲ್ಲಿ ಹಣ ಮೋಟಾರಿಗೆ ಹೋಗಿ ಗಾಜು ಬಡವಾಗಿರುತ್ತದೆ.

ಒಂದು ಎಚ್ಚರಿಕೆ. ಐಪೀಸಿಗೆ ತಿರುಗಿಸಿ ಕೂರಿಸುವ ‘ಸೂರ್ಯನ ಫಿಲ್ಟರ್’ ಜೊತೆಗೆ ಬಂದಿದ್ದರೆ ಅಂದೇ ಕಸಕ್ಕೆ ಹಾಕಿ. ಕೇಂದ್ರೀಕೃತ ಬಿಸಿಲಿಗೆ ಅದು ಬಿರುಕು ಬಿಡಬಹುದು, ಆ ಕ್ಷಣದಲ್ಲೇ ಕಣ್ಣು ಹೋಗಬಹುದು. ಸೂರ್ಯನಿಗೆ ಕೊಳವೆಯ ಮುಂಬಾಯಿಯನ್ನೇ ಪೂರ್ತಿ ಮುಚ್ಚುವ ಫಿಲ್ಟರ್ ಬೇಕು.

ತಂದದ್ದಾಯಿತು. ಕತ್ತಲಾಗುವ ಮುಂಚೆ ದೂರದ ಗೋಪುರವನ್ನೋ ಕಂಬವನ್ನೋ ಕೊಳವೆಯ ನಡುವಿಗೆ ತಂದು, ಪಕ್ಕದ ಪುಟ್ಟ ಫೈಂಡರನ್ನು, ಅಂದರೆ ಗುರಿಯಿಡಲು ನೆರವಾಗುವ ಸಾಧನವನ್ನು, ಅದೇ ಬಿಂದುವಿಗೆ ಹೊಂದಿಸಿ. ಇದನ್ನು ಬಿಟ್ಟವರು ರಾತ್ರಿಯಿಡೀ ತಡಕಾಡುತ್ತಾರೆ. ಅರ್ಧ ಗಂಟೆ ಹೊರಗಿಟ್ಟು ಗಾಜು ತಣಿಯಲು ಬಿಡಿ. ಮೊದಲು ದೊಡ್ಡ ಅಂಕಿಯ ಐಪೀಸ್, 20 ಅಥವಾ 25 ಮಿ.ಮೀ.ಯದು, ಹಾಕಿ, ವರ್ಧನೆ ಕಡಿಮೆ, ನೋಟ ಅಗಲ. ಹುಣ್ಣಿಮೆಗೆ ಕಾಯಬೇಡಿ. ಅರ್ಧಚಂದ್ರನ ದಿನ ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದುದ್ದ ಚಾಚಿರುತ್ತದೆ. ಹುಣ್ಣಿಮೆಯ ಚಂದ್ರ ಸುಣ್ಣ ಬಳಿದ ಗೋಡೆ. ಮಹಾವ್ಯಾಧದ (ಓರಿಯನ್ ನಕ್ಷತ್ರಪುಂಜದ) ನೀಹಾರಿಕೆ ಪೆಟ್ಟಿಗೆಯ ಚಿತ್ರದಂತೆ ಕೆಂಪಾಗಿರದೆ ಬೂದುಬಣ್ಣದ ಹೊಗೆಯಂತೆ ಕಾಣುತ್ತದೆ, ಕೆಡುಕೇನೂ ಆಗಿಲ್ಲ.

ಶನಿ ಸಿಕ್ಕರೆ ಮೂವತ್ತು ನಲವತ್ತು ಪಟ್ಟಿಗೇ ಬಳೆ ಗುರುತು ಹತ್ತುತ್ತದೆ. ನೋಡುತ್ತಿದ್ದಂತೆ ಅದು ಅಂಚಿಗೆ ಸರಿದು ಮರೆಯಾದರೆ ಸ್ಟ್ಯಾಂಡನ್ನು ಬಯ್ಯಬೇಡಿ. ಈ ಸಲ ಸರಿಯುತ್ತಿರುವುದು ಭೂಮಿ. ಕೊಳವೆಯನ್ನು ಕೂದಲೆಳೆಯಷ್ಟು ತಳ್ಳಿ, ಮತ್ತೆ ಬರುತ್ತದೆ.