ಸ್ಕರ್ಟು ಮೈಗೆ ಕೂರಬೇಕಾದರೆ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಊರಿಗೆ ಬಂದಿದ್ದ ನನ್ನ ತಂಗಿಯ ಮೊಮ್ಮಗಳು ಹೊಸ ಸ್ಕರ್ಟನ್ನು ಹಾಸಿಗೆ ಮೇಲೆ ಬಿಸಾಕಿ ಮುಖ ಊದಿಸಿಕೊಂಡು ಕೂತಿದ್ದಳು. ಆನ್‌ಲೈನಲ್ಲಿ ತರಿಸಿದ್ದು. ಸೊಂಟಕ್ಕೆ ಸರಿಯಾಗಿತ್ತು, ಕೆಳಗೆ ಬಿಗಿದು ಅಡ್ಡಡ್ಡ ಸುಕ್ಕು ಬಿದ್ದಿತ್ತು. ಪಕ್ಕದ ಜೇಬುಗಳು ಬಾಯಿ ತೆರೆದು ನಿಂತಿದ್ದವು. "ನನ್ನ ಮೈಯೇ ಸರಿ ಇಲ್ಲ ಅಜ್ಜಿ" ಅಂದಳು. ನನಗೆ ಬಹಳ ಬೇಸರವಾಯಿತು. "ಮೈ ಸರಿಯಾಗೇ ಇದೆ ಪುಟ್ಟಿ. ನೀನು ತರಿಸುವಾಗ ಸೊಂಟದ ಅಳತೆ ಒಂದನ್ನೇ ನೋಡಿದ್ದೀಯ" ಅಂದೆ.

ಹೆಚ್ಚಿನವರು ಮಾಡುವ ತಪ್ಪು ಇದೇ. ಸೊಂಟದ ಅಳತೆ ಹಿಡಿದುಕೊಂಡು ಸ್ಕರ್ಟ್ ಕೊಳ್ಳುತ್ತಾರೆ. ನಾನು ಮಡಿಕೇರಿಯ ಮನೆಯಲ್ಲಿ ನಲವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಮಕ್ಕಳಿಗೆ, ನಾದಿನಿಯರಿಗೆ, ಅಕ್ಕಪಕ್ಕದವರಿಗೆ ಎಷ್ಟು ಲಂಗ, ಎಷ್ಟು ಸ್ಕರ್ಟ್ ಬಿಚ್ಚಿ ಹೊಲಿದೆನೋ ಲೆಕ್ಕವಿಲ್ಲ. ಎಲ್ಲರಿಗೂ ಹೇಳುವುದು ಒಂದೇ ಮಾತು. ಮೈಯ ಅಗಲವಾದ ಜಾಗಕ್ಕೆ ಸರಿಯಾಗುವುದನ್ನು ಕೊಳ್ಳಿ. ಮಿಕ್ಕಿದ್ದನ್ನು ಸೂಜಿ ದಾರ ನೋಡಿಕೊಳ್ಳುತ್ತದೆ.

ಆ ಅಗಲವಾದ ಜಾಗಕ್ಕೆ ದರ್ಜಿಗಳು ಸೀಟು ಅನ್ನುತ್ತಾರೆ. ಸೊಂಟದಿಂದ 7ರಿಂದ 9 ಇಂಚು ಕೆಳಗೆ ಬರುತ್ತದೆ. ಕೆಲವರಿಗೆ ಇನ್ನೂ ಕೆಳಗೆ, ತೊಡೆಯ ಹತ್ತಿರವೇ ಅಗಲ ಜಾಸ್ತಿ ಇರುತ್ತದೆ. ಹಾಗಾಗಿ ಟೇಪನ್ನು ಒಂದೇ ಕಡೆ ಸುತ್ತಿ ಬಿಡಬೇಡಿ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಸರಿಸಿ, ಎಲ್ಲಿ ಜಾಸ್ತಿ ಬರುತ್ತದೋ ಆ ಅಂಕಿ ಬರೆದಿಟ್ಟುಕೊಳ್ಳಿ. ಸೊಂಟದ ಜಾಗ ಗೊತ್ತಾಗದಿದ್ದರೆ ಒಂದು ಲಾಡಿ ಕಟ್ಟಿ ಎರಡು ಸಲ ಬಗ್ಗಿ ಎದ್ದೇಳಿ. ಲಾಡಿ ಹೋಗಿ ನಿಲ್ಲುವ ಜಾಗವೇ ನಿಮ್ಮ ಸೊಂಟ. ಅಳೆಯುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಊಟ ಮಾಡಿ ಕೂತಾಗಲೂ ಅದೇ ಸ್ಕರ್ಟಲ್ಲಿ ಇರಬೇಕು, ಅಲ್ವಾ?

ನೇರ ಕಟ್ಟಿನ ಸ್ಕರ್ಟಾದರೆ ಸೀಟಿನ ಅಳತೆಗಿಂತ 2 ಇಂಚಾದರೂ ಸಡಿಲ ಇರಲಿ. ಅಂಗಡಿಯಲ್ಲಿ ಹಾಕಿ ನೋಡುವಾಗ ಟೇಪು ಬೇಡ. ಎರಡೂ ಪಕ್ಕ ಚಿಟಿಕೆಯಲ್ಲಿ ಬಟ್ಟೆ ಹಿಡಿಯಿರಿ. ಒಂದೊಂದು ಕಡೆ ಅರ್ಧ ಇಂಚಿನ ಮಡಿಕೆ ಸಿಕ್ಕಿದರೆ ಸಾಕು. ಕನ್ನಡಿ ಮುಂದೆ ಸುಮ್ನೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಕೂತು ನೋಡಿ, ಬಗ್ಗಿ ನೋಡಿ, ಒಂದು ಸ್ಟೂಲಿನ ಮೇಲೆ ಕಾಲಿಟ್ಟು ನೋಡಿ. ನಮ್ಮದು ಗುಡ್ಡದ ಊರು. ಮನೆಯಿಂದ ಮುಖ್ಯರಸ್ತೆಗೆ ಬರಲು ಮೂವತ್ತು ಮೆಟ್ಟಿಲು ಹತ್ತುವವರು ಎಷ್ಟು ಜನ ಇದ್ದಾರೆ! ಹಿಂದೆ ಸೀಳು ಇಲ್ಲದ ಬಿಗಿ ಸ್ಕರ್ಟ್ ಹಾಕಿಕೊಂಡು ಆ ಮೆಟ್ಟಿಲು ಹತ್ತಲಾಗುವುದಿಲ್ಲ. ಸ್ಕರ್ಟ್ ಇಷ್ಟವಾಗಿಬಿಟ್ಟಿದ್ದರೆ ಹಿಂದಿನ ನಡು ಹೊಲಿಗೆಯನ್ನು ಕೆಳಗಿನಿಂದ 6 ಇಂಚು ಬಿಚ್ಚಿ ಸೀಳು ಮಾಡಿಕೊಳ್ಳಿ. ಸೀಳು ಶುರುವಾಗುವ ಕಡೆ ಮೂರು ನಾಲ್ಕು ಸಲ ಹಿಂದೆ ಮುಂದೆ ಗಟ್ಟಿ ಹೊಲಿಗೆ ಹಾಕಿ. ಇಲ್ಲದಿದ್ದರೆ ಅಲ್ಲಿಂದಲೇ ಹರಿಯುತ್ತದೆ.

ಕೊಳ್ಳುವಾಗ ಒಳಗಡೆ ತಿರುಗಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಪಕ್ಕದ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ? ಅಂಚಿನ ಮಡಿಕೆ ಎಷ್ಟಿದೆ? ಒಳಗೆ ಮುಕ್ಕಾಲು ಇಂಚು ಬಿಟ್ಟಿದ್ದರೆ ಅದು ನಂಬಬಹುದಾದ ಬಟ್ಟೆ. ಈಗಿನ ರೆಡಿಮೇಡಿನಲ್ಲಿ ಕಾಲಿಂಚು ಬಿಟ್ಟು, ನೂಲು ಬಿಚ್ಚದಂತೆ ಅಂಚನ್ನು ಓವರ್‌ಲಾಕ್ ಮಾಡಿಬಿಡುತ್ತಾರೆ. ಅದನ್ನು ಕಿರಿದು ಮಾಡಬಹುದು, ದೊಡ್ಡದು ಮಾಡಲಾಗುವುದಿಲ್ಲ.

ಇನ್ನು ಸೊಂಟ ಸಡಿಲವಾದರೆ. ಸೀಟಿಗೆ ಸರಿಯಾದದ್ದನ್ನು ಕೊಂಡಾಗ ಹೀಗಾಗುವುದು ಸಹಜ. ಇಲ್ಲಿ ಲೆಕ್ಕ ಸರಿಯಾಗಿ ಕೇಳಿ. 2 ಇಂಚು ಕಡಿಮೆ ಮಾಡಬೇಕು ಎಂದಿಟ್ಟುಕೊಳ್ಳಿ. ಅಷ್ಟನ್ನೂ ಒಂದೇ ಕಡೆ ಹಿಡಿದರೆ ಅಲ್ಲಿ ಗುಬ್ಬು ಏಳುತ್ತದೆ. ಹಿಂದೆ ಎರಡು ಡಾರ್ಟ್, ಅಂದರೆ ಸೊಂಟದಿಂದ ಕೆಳಕ್ಕೆ ಕಿರಿದಾಗುತ್ತಾ ಹೋಗುವ ಮಡಿಕೆ ಹೊಲಿಗೆ ಹಾಕಿ, ಒಂದೊಂದರಲ್ಲಿ ಅರ್ಧ ಇಂಚು ಬಟ್ಟೆ ಒಳಗೆ ಹೋಗಲಿ. ಪಕ್ಕದ ಎರಡು ಹೊಲಿಗೆಯಲ್ಲೂ ಅರ್ಧರ್ಧ ಇಂಚು ಹಿಡಿಯಿರಿ. ಅಲ್ಲಿಗೆ 2 ಇಂಚು ಆಯಿತು. ಪಕ್ಕದಲ್ಲಿ ಅರ್ಧ ಇಂಚು ಹಿಡಿಯುವುದು ಅಂದರೆ ಹಳೆ ಹೊಲಿಗೆಯಿಂದ ಕಾಲಿಂಚು ಒಳಗೆ ಹೊಸ ಹೊಲಿಗೆ ಹಾಕುವುದು. ಬಟ್ಟೆ ಎರಡು ಪದರ ಇರುತ್ತದಲ್ಲ, ಅದನ್ನು ಮರೆತು ಅರ್ಧ ಇಂಚು ಒಳಗೆ ಹೊಲಿದವರ ಸ್ಕರ್ಟ್ ಬಿಗಿಯಾಗಿ ಹೋಗುತ್ತದೆ. ಡಾರ್ಟ್ ಉದ್ದ 4ರಿಂದ 5 ಇಂಚು ಇರಲಿ. ಕೊನೆ ಮೊನಚಾಗಿ, ಸೀಟಿನ ಅಗಲ ಜಾಗ ಮುಟ್ಟುವ ಮೊದಲೇ ಮುಗಿಯಬೇಕು. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಆಮೇಲೆ ಮಿಷನ್ನಿಗೆ ಕೊಡಿ. ಈ ಹತ್ತು ನಿಮಿಷ ಉಳಿಸಲು ಹೋಗಿ ಒಂದು ಗಂಟೆ ಹೊಲಿಗೆ ಬಿಚ್ಚುತ್ತಾ ಕೂರುವವರನ್ನು ನೋಡಿದ್ದೇನೆ.

ನೆರಿಗೆ ಸ್ಕರ್ಟಾದರೆ ಡಾರ್ಟ್ ಬೇಡ. ಎಂಟು ನೆರಿಗೆ ಇದ್ದರೆ ಒಂದೊಂದರೊಳಗೆ ಇನ್ನು ಕಾಲಿಂಚು ಬಟ್ಟೆ ಸೇರಿಸಿ, 2 ಇಂಚು ಕಡಿಮೆಯಾಗುತ್ತದೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಹೊಟ್ಟೆ ಸ್ವಲ್ಪ ಮುಂದಿರುವವರಿಗೆ, ಹೆರಿಗೆಯಾದವರಿಗೆ, ನನ್ನಂಥ ವಯಸ್ಸಾದವರಿಗೆ ನಾನು ಹೇಳಿಕೊಡುವುದು ಬೇರೆ ಉಪಾಯ. ಅದು ನನಗೆ ಹೊಳೆದದ್ದು ಕೊಡವ ಶೈಲಿಯ ಸೀರೆ ನೋಡಿ. ಅದರಲ್ಲಿ ನೆರಿಗೆ ಹಿಂದೆ ಬರುತ್ತದೆ. ಮುಂದೆ ಬಟ್ಟೆ ಚಪ್ಪಟೆಯಾಗಿ, ನೀಟಾಗಿ ಕೂತಿರುತ್ತದೆ. ಸ್ಕರ್ಟನ್ನೂ ಹಾಗೇ ಮಾಡಿ. ಮುಂದಿನ ಸೊಂಟಪಟ್ಟಿ ಹಾಗೇ ಇರಲಿ. ಪಕ್ಕದ ಹೊಲಿಗೆಯಿಂದ ಪಕ್ಕದ ಹೊಲಿಗೆವರೆಗೆ ಹಿಂದಿನ ಪಟ್ಟಿಯೊಳಗೆ ಮಾತ್ರ ಎಲಾಸ್ಟಿಕ್ ಹಾಕಿ. 1 ಇಂಚು ಅಗಲದ ಎಲಾಸ್ಟಿಕ್ ಒಳ್ಳೆಯದು, ಸಪೂರದ್ದು ಸುರುಳಿ ಸುತ್ತಿಕೊಳ್ಳುತ್ತದೆ. ಅದರ ಎರಡು ತುದಿಯನ್ನೂ ಪಕ್ಕದ ಹೊಲಿಗೆ ಹತ್ತಿರ ಗಟ್ಟಿಯಾಗಿ ಹೊಲಿಯಿರಿ. ಸುತ್ತಲೂ ಎಲಾಸ್ಟಿಕ್ ಹಾಕಿದರೆ ಹೊಟ್ಟೆಯ ಮೇಲೆ ನೆರಿಗೆ ಗುಡ್ಡೆ ಬಿದ್ದು ಇನ್ನೂ ದಪ್ಪ ಕಾಣುತ್ತದೆ. ನಾನು ಈಗ ಮನೆಯಲ್ಲಿ ಉಡುವ ಎಲ್ಲ ಸ್ಕರ್ಟೂ ಈ ಥರದ್ದೇ.

ಮೊಮ್ಮಗಳ ಸ್ಕರ್ಟಿಗೆ ಏನು ಮಾಡಿದೆ ಅಂದರೆ, ಅದರೊಳಗೆ ಬಿಡಿಸಲು ಬಟ್ಟೆಯೇ ಇರಲಿಲ್ಲ. ಎರಡೂ ಪಕ್ಕದ ಹೊಲಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ಬಿಚ್ಚಿದೆ. ಜೇಬುಗಳನ್ನು ತೆಗೆದೆ. ನನ್ನ ಹಳೆ ಹತ್ತಿ ಸೀರೆಯ ಅಂಚು ಕತ್ತರಿಸಿ ಎರಡು ಕಡೆಗೂ ಉದ್ದ ಪಟ್ಟಿ ಸೇರಿಸಿದೆ. ಸೊಂಟದ ಹತ್ತಿರ ಪಟ್ಟಿ ಸಪೂರ, ಸೀಟಿನಿಂದ ಕೆಳಗೆ 1 ಇಂಚು ಅಗಲ. ಪಟ್ಟಿಯನ್ನು ಮೊದಲೇ ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಒಣಗಿಸಿದ್ದೆ. ಒಂದು ಬಟ್ಟೆ ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹೊಲಿಗೆಯುದ್ದಕ್ಕೂ ಸುಕ್ಕು ನಿಲ್ಲುತ್ತದೆ. ಹೊಸ ಹತ್ತಿ ಸ್ಕರ್ಟನ್ನೂ ಹಾಗೇ, ಒಂದು ಸಲ ಒಗೆಯದೆ ಅಳತೆ ತಿದ್ದಬೇಡಿ.

ಉದ್ದದ ವಿಷಯದಲ್ಲಿ ನನಗೆ ಸ್ವಲ್ಪ ಹಟ ಜಾಸ್ತಿ. ಸೊಂಟದಿಂದ ಕೆಳಕ್ಕೆ ಅಳೆದು ಅಂಚು ಮಡಿಸುವುದು ತಪ್ಪು. ಹೊಟ್ಟೆ ಇದ್ದರೆ ಮುಂದೆ ಎತ್ತುತ್ತದೆ, ಸೀಟು ದೊಡ್ಡದಿದ್ದರೆ ಹಿಂದೆ ಎತ್ತುತ್ತದೆ. ನೆಲದಿಂದ ಮೇಲಕ್ಕೆ ಅಳೆಯಬೇಕು. ಯಾವ ಚಪ್ಪಲಿ ಹಾಕುತ್ತೀರೋ ಅದನ್ನೇ ಹಾಕಿ ನೇರ ನಿಲ್ಲಿ. ಕೆಳಗೆ ಬಗ್ಗಿ ನೋಡಬೇಡಿ. ಇನ್ನೊಬ್ಬರು ಸ್ಕೇಲ್ ಹಿಡಿದು ನಿಮ್ಮ ಸುತ್ತ ಬಂದು ಗುರುತು ಹಾಕಲಿ. ಮನೆಯಲ್ಲಿ ಒಬ್ಬರೇ ಇದ್ದರೆ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ, ಸೀಟಿನ ಎತ್ತರಕ್ಕೆ ಒಂದು ದಾರ ಬಿಗಿಯಾಗಿ ಕಟ್ಟಿ, ಅದಕ್ಕೆ ಸೀಮೆಸುಣ್ಣ ಚೆನ್ನಾಗಿ ಉಜ್ಜಿ. ದಾರಕ್ಕೆ ತಾಗುವಂತೆ ನಿಂತು ಮೆಲ್ಲಗೆ ಒಂದು ಸುತ್ತು ತಿರುಗಿ. ಸ್ಕರ್ಟಿನ ಸುತ್ತ ಒಂದು ಗೆರೆ ಬೀಳುತ್ತದೆ. ಸ್ಕರ್ಟ್ ಬಿಚ್ಚಿ, ಆ ಗೆರೆಯಿಂದ ಕೆಳಕ್ಕೆ ಎಲ್ಲ ಕಡೆ ಒಂದೇ ಅಳತೆ ಹಿಡಿದು ಮಡಿಸಿ.

ವೃತ್ತಾಕಾರದ ಅಂಬ್ರೆಲಾ ಸ್ಕರ್ಟಿಗೆ ಇನ್ನೊಂದು ಎಚ್ಚರ ಬೇಕು. ಅಂಚು ಮಡಿಸುವ ಮೊದಲು ಒಂದು ರಾತ್ರಿ ತೂಗುಹಾಕಿ. ಓರೆಯಾಗಿರುವ ಕಡೆ ಬಟ್ಟೆ ಇಳಿಯುತ್ತದೆ, ಆಮೇಲೆ ಅಳೆಯಿರಿ. ಉದ್ದ ಜಾಸ್ತಿ ಅಂತ ಸೊಂಟದ ಕಡೆಯಿಂದ ಯಾವತ್ತೂ ಕತ್ತರಿಸಬೇಡಿ. ನನ್ನ ಮಗಳ ಒಂದು ಒಳ್ಳೆಯ ಸ್ಕರ್ಟನ್ನು ನಾನು ಹಾಗೆ ಕಳೆದಿದ್ದೇನೆ. ಮೇಲಿನಿಂದ 1 ಇಂಚು ತೆಗೆದರೆ ಸೊಂಟದ ಸುತ್ತಳತೆ 6 ಇಂಚಿಗಿಂತ ಜಾಸ್ತಿ ದೊಡ್ಡದಾಗುತ್ತದೆ. ಕತ್ತರಿ ಇಟ್ಟ ಮೇಲೆ ಅದು ಗೊತ್ತಾಯಿತು. ಅವಳು ಆ ಸ್ಕರ್ಟನ್ನು ತುಂಬಾ ಇಷ್ಟಪಟ್ಟಿದ್ದಳು, ನನಗೆ ಈಗಲೂ ನೋವಿದೆ.

ಮಳೆಗಾಲಕ್ಕೆ ಉದ್ದ ಸ್ಕರ್ಟಿನ ಆಸೆ ಬಿಡಿ. ಪಾದದ ಗಂಟಿಗಿಂತ ನಾಲ್ಕು ಬೆರಳು ಮೇಲಿರಲಿ. ಕೆಸರು ಹಿಡಿಯುವುದಿಲ್ಲ, ತೋಟದಲ್ಲಿ ನಡೆದರೆ ಜಿಗಣೆ ಕಾಲಿಗೆ ಹತ್ತಿದ್ದೂ ಕಾಣುತ್ತದೆ. ಉದ್ದ ಇಳಿಸಬೇಕೆಂದು ಹಳೆ ಮಡಿಕೆ ಬಿಚ್ಚಿದರೆ ಅಲ್ಲಿ ಗೆರೆ ಉಳಿಯುತ್ತದೆ. ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಬೆರೆಸಿ ಬಟ್ಟೆಯಲ್ಲಿ ಅದ್ದಿ ಗೆರೆ ಮೇಲಿಟ್ಟು ಇಸ್ತ್ರಿ ಮಾಡಿ, ಮಡಿಕೆ ಹೋಗುತ್ತದೆ. ಮೊದಲು ಒಳಗಡೆ ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದೋ ನೋಡಿಕೊಳ್ಳಿ. ಬಣ್ಣವೇ ಮಾಸಿ ಬಿದ್ದ ಗೆರೆಯಾದರೆ ಹೋಗುವುದಿಲ್ಲ, ಅದರ ಮೇಲೊಂದು ಸಪೂರ ಲೇಸು ಹೊಲಿದು ಮುಚ್ಚಿ.

ಹುಕ್ಕು ಮತ್ತು ಝಿಪ್ ಕೊಳ್ಳುವಾಗಲೂ ನಮ್ಮ ಹವೆಯನ್ನು ನೆನಪಿಡಿ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕಬ್ಬಿಣದ ಹುಕ್ಕು ತುಕ್ಕು ಹಿಡಿದು ಸೊಂಟಪಟ್ಟಿಯಲ್ಲಿ ಕಂದು ಕಲೆ ಮಾಡುತ್ತದೆ. ನೈಲಾನ್ ಝಿಪ್ ಹಾಕಿಸಿ, ಹುಕ್ಕಿನ ಬದಲು ಗುಂಡಿ ಕಾಜ ಮಾಡಿ. ಕಲೆ ಆಗಲೇ ಬಿದ್ದಿದ್ದರೆ, ಬಿಳಿ ಹತ್ತಿ ಬಟ್ಟೆಯಾದರೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ. ಬಿಸಿಲು ಬರುವವರೆಗೆ ಕಾಯಬೇಕಾಗುತ್ತದೆ, ಅದಕ್ಕೆ ಬೇರೆ ದಾರಿ ಇಲ್ಲ.