ಆನೆ ಕಾಸು ಕೊಳ್ಳುವ ಮುನ್ನ ಅಂಚು ನೋಡಿ

ಟಿಪ್ಪು ಕಾಲದ ತಾಮ್ರದ ಆನೆ ಕಾಸು ಸಿಕ್ಕರೆ ಮೊದಲು ಆನೆ ನೋಡಬೇಡಿ, ಅಂಚು ನೋಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಅಂಚಿನ ನಡುವೆ ಸುತ್ತಲೂ ಸಣ್ಣ ಗೆರೆ ಇದ್ದರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇದ್ದರೆ, ಅದು ಎರಕದ ನಕಲು ಅಂತ ಅನುಮಾನಪಡಿ. ಅಸಲಿ ಕಾಸನ್ನು ತಾಮ್ರದ ಬಿಲ್ಲೆಯ ಮೇಲೆ ಅಚ್ಚು ಹೊಡೆದು ಮಾಡುತ್ತಿದ್ದರು. ಹಾಗಾಗಿ ಅಂಚಿನಲ್ಲಿ ಸೀಳು ಇರಬಹುದು, ಎರಡು ಭಾಗ ಕೂಡಿದ ಗೆರೆ ಇರುವುದಿಲ್ಲ. ಎರಕದಲ್ಲಿ ಗಾಳಿಗುಳ್ಳೆಯ ಚುಕ್ಕಿಗುಳಿಗಳು ಉಳಿಯುತ್ತವೆ, ಆನೆಯ ಸೊಂಡಿಲು, ಕಾಲು ಎಲ್ಲಾ ಸೋಪಿನಲ್ಲಿ ಮಾಡಿದ ಹಾಗೆ ಮೊಂಡಾಗಿರುತ್ತವೆ. ಪೂರ್ತಿ ಸವೆದ ಕಾಸಿಗೆ ಈ ಉಪಾಯ ನಡೆಯಲ್ಲ. ಹೊಸ ಅಚ್ಚಿನಿಂದ ಹೊಡೆದ ನಕಲಿಗಂತೂ ಇಲ್ಲವೇ ಇಲ್ಲ, ಅಲ್ಲಿ ತೂಕ ಮತ್ತು ಬರಹವನ್ನು ಅಸಲಿಯ ಜೊತೆ ಹೋಲಿಸಲೇಬೇಕು. ಇಸವಿ 5121 ಅಂತ ಕಂಡರೆ ಮಾತ್ರ ಗಾಬರಿ ಬೇಡ. ಅದು ಕ್ರಿಸ್ತಶಕವಲ್ಲ, ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಅದು 1215. ಹಸಿರು ಕಿಲುಬು ನೋಡಿ ಹಳೆಯದು ಅಂತ ನಂಬಬೇಡಿ, ಅದನ್ನು ಬೇಗ ಬರಿಸುವುದು ಸುಲಭ. ಚಿಕ್ಕಪೇಟೆ ಕಡೆ ಭಾನುವಾರದ ಸಂತೆಯಲ್ಲಿ ಕೊಳ್ಳುವವರು ಭೂತಗನ್ನಡಿ ಜೇಬಿನಲ್ಲೇ ಇಟ್ಟುಕೊಂಡು ಹೋಗಿ. ಮನೆಗೆ ತಂದ ಮೇಲೆ ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಬೆಲೆಯೂ ಹೋಗುತ್ತದೆ, ಗುರುತೂ ಹೋಗುತ್ತದೆ.