ಅರಬ್ಬೀ ಸಮುದ್ರಕ್ಕೆ ಬಿದ್ದ ಕೋಲಾರದ ಕೆರೆಗಳು

ಕೋಲಾರ ಜಿಲ್ಲೆಯ ಕೆರೆಗಳನ್ನು ಜಿಐಎಸ್ (ಕಂಪ್ಯೂಟರಿನ ಭೌಗೋಳಿಕ ಮಾಹಿತಿ ವ್ಯವಸ್ಥೆ) ನಕ್ಷೆಗೆ ಇಳಿಸುವ ಕೆಲಸಕ್ಕೆ ಸೇರಿದಾಗ ಡೇಟಮ್, ಪ್ರಕ್ಷೇಪಣ, ರಾಸ್ಟರ್, ವೆಕ್ಟರ್ ಮುಂತಾದ ಪದಗಳ ವ್ಯಾಖ್ಯೆಗಳು ನನಗೆ ಬಾಯಿಪಾಠವಾಗಿದ್ದವು. ಅವುಗಳ ಅರ್ಥ ತಿಳಿಯಲು ತೊಡಗಿದ್ದು ಮಾತ್ರ ಕೆರೆಗಳು ಸಮುದ್ರಕ್ಕೆ ಬಿದ್ದ ದಿನ.

ಮಾಲೂರು ತಾಲ್ಲೂಕಿನ ಕೆರೆಗಳ ತೂಬು, ಕೋಡಿಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ತಂದು ಯುಟಿಎಂ ಎಂಬ ನಕ್ಷೆ ಪದ್ಧತಿಯ 43ನೇ ವಲಯದ ಕಡತಕ್ಕೆ ಸೇರಿಸಿದ್ದೆ. ಮರುವಾರ ಕೋಲಾರ ತಾಲ್ಲೂಕಿನ ಅಂಕಿಗಳನ್ನೂ ಅದರ ಕೆಳಗೇ ಅಂಟಿಸಿದೆ. ತೆರೆಯ ಮೇಲೆ ಕೋಲಾರದ ಕೆರೆಗಳೆಲ್ಲ ಮಂಗಳೂರಿನ ತೀರದಿಂದ ಬಹುದೂರ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನಡುವೆ ತೇಲುತ್ತಿದ್ದವು. ಯುಟಿಎಂ ಒಂದು ಪ್ರಕ್ಷೇಪಣ, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಪದ್ಧತಿ. ಅದು ಭೂಮಿಯನ್ನು 6 ಡಿಗ್ರಿ ಅಗಲದ 60 ವಲಯಗಳಾಗಿ ಸೀಳುತ್ತದೆ. 43 ಮತ್ತು 44ನೇ ವಲಯಗಳ ಗಡಿಯಾದ 78 ಡಿಗ್ರಿ ಪೂರ್ವ ರೇಖಾಂಶವು ಮಾಲೂರು ಮತ್ತು ಕೋಲಾರ ಪಟ್ಟಣಗಳ ನಡುವೆಯೇ ಹಾದುಹೋಗುತ್ತದೆ. ಪ್ರತಿ ವಲಯದ ನಡುರೇಖೆಗೂ 5 ಲಕ್ಷ ಮೀಟರ್ ಎಂಬ ಒಂದೇ ಅಂಕಿಯನ್ನು ಕೊಟ್ಟಿರುವುದರಿಂದ ಮಾಲೂರಿನ ಪೂರ್ವ ದಿಕ್ಕಿನ ಅಂಕಿ ಸುಮಾರು 8.2 ಲಕ್ಷವಾದರೆ, ಇನ್ನೂ ಪೂರ್ವಕ್ಕಿರುವ ಕೋಲಾರದ್ದು 1.9 ಲಕ್ಷ. ಗಡಿ ದಾಟಿದಾಗ ಉಪಕರಣವು ತಾನಾಗಿಯೇ ವಲಯ ಬದಲಿಸಿತ್ತು, ನಾನು ಗಮನಿಸಿರಲಿಲ್ಲ.

ಅದನ್ನು ಸರಿಪಡಿಸಲು ಹೋಗಿ ಮತ್ತೊಂದು ತಪ್ಪು ಮಾಡಿದೆ. ಕಡತಕ್ಕೆ ನಿರ್ದೇಶಾಂಕ ವ್ಯವಸ್ಥೆಯನ್ನು (ಅಂಕಿಗಳನ್ನು ಯಾವ ಜಾಗವೆಂದು ಓದಬೇಕೆಂಬ ಕ್ರಮವನ್ನು) ನಮೂದಿಸುವುದೇ ಬೇರೆ, ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಪರಿವರ್ತಿಸುವುದೇ ಬೇರೆ. ನಮೂದಿಸಿದರೆ ಅಂಕಿಗಳು ಹಾಗೇ ಉಳಿದು ಅವು ಸೂಚಿಸುವ ಜಾಗ ಬದಲಾಗುತ್ತದೆ. ಪರಿವರ್ತಿಸಿದರೆ ಜಾಗ ಹಾಗೇ ಉಳಿದು ಅಂಕಿಗಳು ಬದಲಾಗುತ್ತವೆ. ನಾನು ಇಡೀ ಕಡತಕ್ಕೆ 44ನೇ ವಲಯವನ್ನು ನಮೂದಿಸಿದ್ದರಿಂದ ಈ ಬಾರಿ ಮಾಲೂರು ಬಂಗಾಳ ಕೊಲ್ಲಿಗೆ ಹೋಯಿತು.

ಡೇಟಮ್‌ನ ಪಾಠ ಇಷ್ಟು ನಾಟಕೀಯವಾಗಿರಲಿಲ್ಲ, ಆದ್ದರಿಂದಲೇ ಹೆಚ್ಚು ಅಪಾಯಕಾರಿಯಾಗಿತ್ತು. ಡೇಟಮ್ ಎಂದರೆ ಅಕ್ಷಾಂಶ, ರೇಖಾಂಶಗಳನ್ನು ಅಳೆಯಲು ಆಧಾರವಾಗಿ ಇಟ್ಟುಕೊಂಡ ಭೂಮಿಯ ಆಕಾರದ ಮಾದರಿ. ಹಳೆಯ 1:50,000 ಟೋಪೋಶೀಟಿನಿಂದ (ಭೂಲಕ್ಷಣ ನಕ್ಷೆಯ ಹಾಳೆಯಿಂದ) ಬಿಡಿಸಿದ ಕೆರೆ ಏರಿಗಳು ಉಪಗ್ರಹ ಚಿತ್ರದ ಏರಿಗಳಿಗಿಂತ ಸುಮಾರು 200 ಮೀಟರ್ ಆಗ್ನೇಯಕ್ಕೆ ಸರಿದಿದ್ದವು. ಆ ಹಾಳೆಗಳು 1830ರ ಎವರೆಸ್ಟ್ ಗೋಳಾಭವನ್ನು ಆಧರಿಸಿದ್ದರೆ, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆಯ ಮಾದರಿಯನ್ನು. ಅಕ್ಷಾಂಶ, ರೇಖಾಂಶಗಳು ಎರಡರಲ್ಲೂ ಒಂದೇ ರೀತಿ ಕಾಣುವುದರಿಂದ ಅನುಮಾನವೇ ಬರುವುದಿಲ್ಲ.

ನೆಲವನ್ನು ಸಣ್ಣ ಚೌಕಗಳಾಗಿ ತೋರಿಸುವ ರಾಸ್ಟರ್ ಎಂಬ ಪದ ನನಗೆ ದಕ್ಕಿದ್ದು ಗುಂಟೆಯ ಮೂಲಕ. ನಮ್ಮ ಗ್ರಾಮ ನಕ್ಷೆಗಳ ಮಾಪಕ 1:7,920, ಅಂದರೆ ಒಂದು ಅಂಗುಲಕ್ಕೆ 33 ಅಡಿಯ 20 ಸರಪಳಿ. ಒಂದು ಚದರ ಸರಪಳಿಯೇ ಒಂದು ಗುಂಟೆ, ಸುಮಾರು 101 ಚದರ ಮೀಟರ್. ಸೆಂಟಿನೆಲ್-2 ಉಪಗ್ರಹದ ಅತಿ ಸೂಕ್ಷ್ಮ ಚಿತ್ರಗಳಲ್ಲಿ ಒಂದು ಪಿಕ್ಸೆಲ್ 10 ಮೀಟರ್ ಚೌಕ, ಅಂದರೆ 100 ಚದರ ಮೀಟರ್. ನೀರಿನ ಪಿಕ್ಸೆಲ್‌ಗಳನ್ನು ಎಣಿಸಿ 40ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಎಕರೆ ಸಿಗುತ್ತದೆಂದು ತಿಳಿದ ಮೇಲೆ ರೈತರಿಗೆ ವಿವರಿಸುವುದು ಸುಲಭವಾಯಿತು.

ಉಳಿದ ತೊಡಕು ವೆಕ್ಟರಿನದು, ಅಂದರೆ ಬಿಂದು, ರೇಖೆ, ಬಹುಭುಜಗಳಾಗಿ ಬಿಡಿಸುವ ಕ್ರಮದ್ದು. ತೂಬು ಬಿಂದು, ಕಾಲುವೆ ರೇಖೆ, ಕೆರೆ ಬಹುಭುಜ ಎನ್ನುವುದರಲ್ಲಿ ಗೊಂದಲವಿಲ್ಲ. ಆದರೆ ಬಹುಭುಜದ ಅಂಚು ಯಾವುದು? ದಾಖಲೆಯ ಸರ್ವೆ ನಂಬರಿನ ಗಡಿಯೋ, ನೀರು ನಿಂತ ಅಂಚೋ? ಎರಡನ್ನೂ ಒಂದೇ ಪದರದಲ್ಲಿ ಬೆರೆಸಿದರೆ ಒತ್ತುವರಿಯ ಲೆಕ್ಕವೇ ಕೆಡುತ್ತದೆಂದು ಬೇರೆ ಬೇರೆ ಪದರಗಳನ್ನು ಮಾಡಿದೆ. ಅವನ್ನು ಪರಿಶೀಲಿಸಲು ಊರಿನ ಹಿರಿಯ ನೀರುಗಂಟಿಯೊಬ್ಬರ ಜೊತೆ ಏರಿಯ ಮೇಲೆ ನಡೆಯುತ್ತಿದ್ದಾಗ ಅವರು ದೂರದ ಹೊಂಗೆಮರವೊಂದನ್ನು ತೋರಿಸಿ, "ಕೋಡಿ ಬಿದ್ದ ವರ್ಷ ನೀರು ಅಲ್ಲಿಗಂಟ ಇತ್ತು ಸ್ವಾಮಿ" ಎಂದರು. ಆ ಮರ ನನ್ನ ಎರಡು ಗೆರೆಗಳ ಪೈಕಿ ಯಾವುದರ ಒಳಗೂ ಇರಲಿಲ್ಲ. ಅದಕ್ಕಾಗಿ ಮೂರನೆಯ ಪದರವೊಂದನ್ನು ತೆರೆದೆ.